ಹದಿನಾರರೊಳಗೆ ಉಳಿಯುವುದು: ಲಾಟ್ವಿಯಾದ ಪುರುಷರ ಐಸ್ ಹಾಕಿ ತಂಡ

ಪುರುಷರ ಐಸ್ ಹಾಕಿಯ ವಿಶ್ವ ಚಾಂಪಿಯನ್‌ಶಿಪ್ ಫುಟ್‌ಬಾಲ್ ವಿಶ್ವಕಪ್‌ನಂತೆ ನಾಲ್ಕು ವರ್ಷಕ್ಕೊಮ್ಮೆ ಬರುವುದಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಅದು ನಡೆಯುತ್ತದೆ; ಕೋವಿಡ್‌ನಿಂದಾಗಿ 2020ರ ಕೂಟ ರದ್ದಾದದ್ದು ಇತ್ತೀಚಿನ ಅಪವಾದ. ಅಂತರರಾಷ್ಟ್ರೀಯ ಒಕ್ಕೂಟದಲ್ಲಿ ಭಾರತವೂ ಸೇರಿದಂತೆ 80ಕ್ಕೂ ಹೆಚ್ಚು ಸದಸ್ಯ ರಾಷ್ಟ್ರಗಳಿದ್ದರೂ ಮೇಲ್ವರ್ಗದಲ್ಲಿ ಆಡಲು ಅವಕಾಶವಿರುವುದು 16 ತಂಡಗಳಿಗೆ ಮಾತ್ರ. ಉಳಿದವು ಒಂದರ ಕೆಳಗೊಂದು ಜೋಡಿಸಿದ ವಿಭಾಗಗಳಲ್ಲಿ ಆಡುತ್ತವೆ. ಸಾಮಾನ್ಯ ನಿಯಮದಂತೆ ಮೇಲ್ವರ್ಗದ ಕೊನೆಯ ಎರಡು ತಂಡಗಳು ಪ್ರತಿ ವರ್ಷ ಕೆಳಗಿಳಿಯುತ್ತವೆ, ಕೆಳಗಿನ ವಿಭಾಗದ ಮೊದಲ ಎರಡು ತಂಡಗಳು ಮೇಲೇರುತ್ತವೆ. ಹೀಗೆ ವರ್ಷವರ್ಷವೂ ಅಲುಗಾಡುವ ಈ ಏಣಿಯ ಮೇಲಿನ ಮೆಟ್ಟಿಲಲ್ಲಿ, 1997ರಲ್ಲಿ ಕಾಲಿಟ್ಟಂದಿನಿಂದ ಒಮ್ಮೆಯೂ ಕೆಳಗಿಳಿಯದೆ ನಿಂತಿರುವ ಒಂದು ಪುಟ್ಟ ದೇಶವಿದೆ. ಅದು ಬಾಲ್ಟಿಕ್ ಸಮುದ್ರದ ದಂಡೆಯ ಲಾಟ್ವಿಯಾ.

ಲಾಟ್ವಿಯಾದ ವಿಸ್ತೀರ್ಣ ಕರ್ನಾಟಕದ ಸುಮಾರು ಮೂರನೆಯ ಒಂದು ಭಾಗ. ಜನಸಂಖ್ಯೆ 19 ಲಕ್ಷದ ಆಸುಪಾಸು, ಅಂದರೆ ನಮ್ಮ ಮೈಸೂರು ಜಿಲ್ಲೆಯ ಜನಸಂಖ್ಯೆಗಿಂತಲೂ ಬಹಳ ಕಡಿಮೆ. ಇಂಥ ದೇಶ 2023ರಲ್ಲಿ ಅಮೆರಿಕವನ್ನು ಸೋಲಿಸಿ ಕಂಚಿನ ಪದಕ ಗೆದ್ದಾಗ ಆ ಸುದ್ದಿ ಕ್ರೀಡಾಲೋಕದಲ್ಲೆಲ್ಲ ಹರಡಿತು. ಆದರೆ ವಿವರಣೆ ಬೇಡುವ ಸಂಗತಿ ಆ ಪದಕಕ್ಕಿಂತಲೂ ಅದರ ಹಿಂದಿನ ಕಾಲು ಶತಮಾನ ಎಂಬುದು ನನ್ನ ಅಭಿಪ್ರಾಯ. ಒಂದು ಒಳ್ಳೆಯ ವಾರದಲ್ಲಿ ಯಾವ ತಂಡವಾದರೂ ಪವಾಡ ಮಾಡಬಹುದು. ಪ್ರತಿ ಮೇ ತಿಂಗಳಲ್ಲೂ ಕೆನಡಾ, ಸ್ವೀಡನ್, ಫಿನ್ಲೆಂಡ್‌ಗಳ ನಡುವೆ ನಿಂತು ಬೀಳದೆ ಉಳಿಯುವುದಕ್ಕೆ ಬೇರೆಯೇ ಕಾರಣಗಳು ಬೇಕು. ಆ ಕಾರಣಗಳಲ್ಲಿ ಕೆಲವು ಆಟದ ಸ್ವರೂಪದಲ್ಲೇ ಇವೆ, ಕೆಲವು ಪಂದ್ಯಾವಳಿಯ ನಿಯಮಗಳಲ್ಲಿವೆ, ಇನ್ನು ಕೆಲವು ಆ ದೇಶದ ಕಹಿ-ಸಿಹಿ ಬೆರೆತ ಚರಿತ್ರೆಯಲ್ಲಿವೆ.

ಮೊದಲು ಆಟವನ್ನೇ ನೋಡೋಣ. ಐಸ್ ಹಾಕಿಯಲ್ಲಿ ಪ್ರತಿ ತಂಡದಿಂದ ಗೋಲ್‌ಕೀಪರ್ ಮತ್ತು ಐವರು ಆಟಗಾರರು ಒಂದು ಸಮಯಕ್ಕೆ ಮಂಜುಗಡ್ಡೆಯ ಮೇಲಿರುತ್ತಾರೆ. ಪಂದ್ಯ 20 ನಿಮಿಷಗಳ ಮೂರು ಅವಧಿಗಳಲ್ಲಿ ನಡೆಯುತ್ತದೆ. ಸ್ಕೇಟ್ ಮೇಲಿನ ಓಟ ಎಷ್ಟು ಬಿರುಸಾಗಿರುತ್ತದೆಂದರೆ ಒಬ್ಬ ಆಟಗಾರ ಒಂದು ಸರದಿಯಲ್ಲಿ ಮುಕ್ಕಾಲು ನಿಮಿಷದಷ್ಟು ಆಡಿ ಬೆಂಚಿಗೆ ಮರಳುತ್ತಾನೆ, ಆಟ ನಿಲ್ಲದೆಯೇ ಮತ್ತೊಬ್ಬ ಅವನ ಜಾಗಕ್ಕೆ ಜಿಗಿಯುತ್ತಾನೆ. ಹೀಗಾಗಿ ಪಂದ್ಯಕ್ಕೆ ಇಬ್ಬರು ಗೋಲ್‌ಕೀಪರ್‌ಗಳ ಜೊತೆಗೆ 20 ಮಂದಿ ಆಟಗಾರರು ಸಜ್ಜಾಗಿರುತ್ತಾರೆ. ಮೂವರು ಮುನ್ಪಡೆ ಆಟಗಾರರ ಗುಂಪನ್ನು 'ಲೈನ್' ಎಂದು ಕರೆದು, ನಾಲ್ಕು ಲೈನ್‌ಗಳನ್ನು ಒಂದರ ಹಿಂದೊಂದರಂತೆ ಇಳಿಸುವುದು ವಾಡಿಕೆ. ಫುಟ್‌ಬಾಲ್‌ನಲ್ಲಿ ಒಂದು ಬಡ ತಂಡದ ಏಕೈಕ ತಾರೆ 90 ನಿಮಿಷವೂ ಮೈದಾನದಲ್ಲಿರಬಲ್ಲ. ಐಸ್ ಹಾಕಿಯಲ್ಲಿ ಎಂಥ ಪ್ರತಿಭಾವಂತ ಮುನ್ಪಡೆ ಆಟಗಾರನಾದರೂ 60 ನಿಮಿಷಗಳಲ್ಲಿ ಸುಮಾರು 20 ನಿಮಿಷ ಆಡಿದರೆ ಅದೇ ಹೆಚ್ಚು. ಉಳಿದ 40 ನಿಮಿಷ ಎರಡನೆಯ, ಮೂರನೆಯ, ನಾಲ್ಕನೆಯ ಲೈನ್‌ಗಳ ಕೈಯಲ್ಲಿರುತ್ತದೆ.

ಸಣ್ಣ ದೇಶಕ್ಕೆ ಇಕ್ಕಟ್ಟು ಇರುವುದು ಇಲ್ಲಿಯೇ. ಲಕ್ಷಾಂತರ ಮಕ್ಕಳು ಸ್ಕೇಟ್ ಕಟ್ಟಿಕೊಳ್ಳುವ ಕೆನಡಾದಂಥ ದೇಶದ ಮೂರನೆಯ ದರ್ಜೆಯ ತಂಡವೂ ಇತರರ ಮೊದಲ ದರ್ಜೆಯ ತಂಡಕ್ಕೆ ಸಮನಾಗಿರುತ್ತದೆ. ಲಾಟ್ವಿಯಾದಂಥ ದೇಶ ನಾಲ್ಕೈದು ಮಂದಿ ಉತ್ತಮ ದರ್ಜೆಯ ಆಟಗಾರರನ್ನು ಬೆಳೆಸಬಲ್ಲುದೇ ಹೊರತು ಇಪ್ಪತ್ತು ಮಂದಿಯನ್ನು ಒಮ್ಮೆಗೇ ಬೆಳೆಸಲಾರದು. ಆದರೆ ಇದೇ ಆಟದಲ್ಲಿ ಈ ಲೆಕ್ಕಕ್ಕೆ ಸಿಗದ ಒಬ್ಬನಿದ್ದಾನೆ. ಗೋಲ್‌ಕೀಪರ್ ಸರದಿಗಳ ಲೆಕ್ಕವಿಲ್ಲದೆ ಇಡೀ 60 ನಿಮಿಷ ನಿಲ್ಲುತ್ತಾನೆ. ಒಳ್ಳೆಯ ಗೋಲ್‌ಕೀಪರ್ ತನ್ನತ್ತ ಬರುವ ನೂರು ಹೊಡೆತಗಳಲ್ಲಿ ತೊಂಬತ್ತನ್ನು ತಡೆಯುತ್ತಾನೆ ಎಂದಿಟ್ಟುಕೊಳ್ಳಿ. ಎದುರಾಳಿ 35 ಬಾರಿ ಹೊಡೆದರೆ ಸರಾಸರಿ ಮೂರೂವರೆ ಗೋಲು ಬಿಡುತ್ತಾನೆ. ಅದೇ ಅವನು ಒಂದು ಪಂದ್ಯಾವಳಿಯ ಮಟ್ಟಿಗೆ ನೂರಕ್ಕೆ ತೊಂಬತ್ತನಾಲ್ಕನ್ನು ತಡೆಯುವ ಮನುಷ್ಯನಾದರೆ ಬಿಡುವ ಗೋಲು ಎರಡಕ್ಕೆ ಇಳಿಯುತ್ತದೆ. ಬಹುತೇಕ ಪಂದ್ಯಗಳು ಒಂದೆರಡು ಗೋಲುಗಳ ಅಂತರದಲ್ಲಿ ತೀರ್ಮಾನವಾಗುವ ಆಟದಲ್ಲಿ ಈ ಒಂದೂವರೆ ಗೋಲು ಎಂದರೆ ಸೋಲು-ಗೆಲುವಿನ ನಡುವಿನ ಪೂರ್ತಿ ದೂರ. ಇಪ್ಪತ್ತು ಮಂದಿಯನ್ನು ಹುಟ್ಟಿಸಲಾಗದ ದೇಶ ಒಬ್ಬನನ್ನು ಹುಟ್ಟಿಸಬಹುದು. ಲಾಟ್ವಿಯಾ ಮಾಡಿರುವುದು ಬಹುಮಟ್ಟಿಗೆ ಇದನ್ನೇ, ಮತ್ತೆ ಮತ್ತೆ.

ಇದಕ್ಕೆ 2014ರ ಸೋಚಿ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಅರ್ಹತಾ ಸುತ್ತಿನಲ್ಲಿ ಸ್ವಿಟ್ಜರ್ಲೆಂಡನ್ನು 3-1ರಿಂದ ಸೋಲಿಸಿ ಬಂದ ಲಾಟ್ವಿಯಾಕ್ಕೆ ಎದುರಾಗಿದ್ದು ಉತ್ತರ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಾರೆಯರಿಂದ ತುಂಬಿದ್ದ ಕೆನಡಾ. ಗೋಲಿನಲ್ಲಿ ನಿಂತಿದ್ದ ಕ್ರಿಸ್ಟರ್ಸ್ ಗುಡ್ಲೆವ್ಸ್ಕಿಸ್ ಆ ಋತುವಿನಲ್ಲಿ ಉತ್ತರ ಅಮೆರಿಕದ ಕೆಳದರ್ಜೆಯ ಲೀಗ್‌ಗಳಲ್ಲಿ ಆಡುತ್ತಿದ್ದ, ಹೆಚ್ಚು ಜನ ಕೇಳಿರದ ಯುವಕ. ಕೆನಡಾ 57 ಬಾರಿ ಗುರಿಯಿಟ್ಟು ಹೊಡೆಯಿತು. ಲಾಟ್ವಿಯಾದ ಹೊಡೆತಗಳು 16. ಗುಡ್ಲೆವ್ಸ್ಕಿಸ್ 55 ಹೊಡೆತಗಳನ್ನು ತಡೆದರು. ಲೌರಿಸ್ ದಾರ್ಜಿನ್ಶ್ ಗಳಿಸಿದ ಗೋಲಿನಿಂದ 1-1ರಲ್ಲಿ ನಿಂತಿದ್ದ ಪಂದ್ಯ ಮುಗಿಯಲು ಸುಮಾರು ಏಳು ನಿಮಿಷ ಉಳಿದಿದ್ದಾಗ, ಲಾಟ್ವಿಯಾದ ಆಟಗಾರನೊಬ್ಬ ದಂಡನೆಗೊಳಗಾಗಿ ಹೊರಗಿದ್ದ ಹೊತ್ತಿನಲ್ಲಿ ಶಿಯಾ ವೆಬರ್ ಹೊಡೆದ ಗೋಲು ಕೆನಡಾವನ್ನು ಉಳಿಸಿತು. ಆ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕೆನಡಾ ಆರು ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು ಒಟ್ಟು ಮೂರೇ ಗೋಲು. ಅವುಗಳಲ್ಲಿ ಕೊನೆಯದು ದಾರ್ಜಿನ್ಶ್‌ರದು; ಅನಂತರದ ಸೆಮಿಫೈನಲ್‌ನಲ್ಲಿ ಅಮೆರಿಕಕ್ಕಾಗಲಿ ಫೈನಲ್‌ನಲ್ಲಿ ಸ್ವೀಡನ್‌ಗಾಗಲಿ ಒಂದು ಗೋಲನ್ನೂ ಗಳಿಸಲಾಗಲಿಲ್ಲ. ಆಟದ ಹತೋಟಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗೆ 57-16 ಎಂಬ ಅಂಕಿ ಉತ್ತರ ಹೇಳುತ್ತದೆ. ಹತೋಟಿಯಿಲ್ಲದೆಯೂ ಪಂದ್ಯದಲ್ಲಿ ಉಳಿಯಬಹುದು ಎಂಬುದನ್ನು 2-1 ಎಂಬ ಅಂಕಿ ಹೇಳುತ್ತದೆ.

ಈ ಗೋಲ್‌ಕೀಪರ್ ಪರಂಪರೆಯನ್ನು ಅರ್ಥ ಮಾಡಿಕೊಳ್ಳಲು ಹಿಂದಕ್ಕೆ ಹೋಗಬೇಕು. ಲಾಟ್ವಿಯಾ ಅಂತರರಾಷ್ಟ್ರೀಯ ಒಕ್ಕೂಟವನ್ನು ಸೇರಿದ್ದು 1931ರಲ್ಲಿ; 1936ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ದೇಶವಾಗಿ ಆಡಿತು. 1940ರಲ್ಲಿ ಸೋವಿಯತ್ ಒಕ್ಕೂಟ ದೇಶವನ್ನು ಆಕ್ರಮಿಸಿಕೊಂಡಾಗ ಆ ತಂಡದ ಕಥೆ ಅಲ್ಲಿಗೆ ನಿಂತಿತು. ವಿಚಿತ್ರವೆಂದರೆ, ಆಗ ರಷ್ಯನ್ನರು ಆಡುತ್ತಿದ್ದುದು ಚೆಂಡಿನ 'ಬ್ಯಾಂಡಿ' ಎಂಬ ಬೇರೆ ಆಟ. ಪಕ್ ಎಂಬ ಚಪ್ಪಟೆ ರಬ್ಬರ್ ಬಿಲ್ಲೆ ಬಳಸುವ ಕೆನಡಾ ಶೈಲಿಯ ಹಾಕಿಯ ಲೀಗನ್ನು ಅವರು ಆರಂಭಿಸಿದ್ದು 1946ರಲ್ಲಿ. ಆ ಹೊತ್ತಿಗೆ ಈ ಆಟ ಬಲ್ಲ ಆಟಗಾರರಿದ್ದ ಕೆಲವೇ ಊರುಗಳಲ್ಲಿ ಲಾಟ್ವಿಯಾದ ರಾಜಧಾನಿ ರೀಗಾ ಒಂದಾಗಿತ್ತು. ಅಲ್ಲಿನ ಗೋಲ್‌ಕೀಪರ್ ಹರಿಯಿಸ್ ಮೆಲ್ಲುಪ್ಸ್‌ರನ್ನು ಮಾಸ್ಕೋದ ವಾಯುಪಡೆಯ ತಂಡ ತನ್ನಲ್ಲಿಗೆ ಕರೆಸಿಕೊಂಡಿತು. 1950ರ ಜನವರಿಯಲ್ಲಿ ಸ್ವೆರ್ಡ್ಲೋವ್ಸ್ಕ್ ಬಳಿ ನಡೆದ ವಿಮಾನ ಅಪಘಾತದಲ್ಲಿ ಆ ತಂಡದ ಇತರರೊಂದಿಗೆ ಅವರೂ ಸತ್ತರು.

ಮುಂದಿನ ದಶಕಗಳಲ್ಲಿ ರೀಗಾದ ದಿನಾಮೊ ತಂಡ ಸೋವಿಯತ್ ಲೀಗ್‌ನ ಗೌರವಾನ್ವಿತ ಸದಸ್ಯನಾಯಿತು. 1970ರಲ್ಲಿ ಅಲ್ಲಿ ಒಳಾಂಗಣ ಕ್ರೀಡಾಂಗಣ ಬಂತು. ಮುಂದೆ ಸೋವಿಯತ್ ರಾಷ್ಟ್ರೀಯ ತಂಡದ ನಿರಂಕುಶ ಗುರುವೆಂದು ಹೆಸರಾದ ವಿಕ್ತೋರ್ ತಿಖೋನೊವ್ ತರಬೇತುದಾರರಾಗಿ ಮೊದಲು ಹೆಸರು ಮಾಡಿದ್ದು ರೀಗಾದಲ್ಲೇ. ತಾರೆಯರಿಲ್ಲದ ತಂಡದಿಂದ ಫಲ ತೆಗೆಯಲು ಅವರು ನಾಲ್ಕೂ ಲೈನ್‌ಗಳನ್ನು ಸಮನಾಗಿ, ಬಿಡುವಿಲ್ಲದ ವೇಗದಲ್ಲಿ ಆಡಿಸುವ ಪದ್ಧತಿಯನ್ನು ಬೆಳೆಸಿದರು. ಅವರ ಶಿಷ್ಯ ಹೆಲ್ಮುಟ್ಸ್ ಬಾಲ್ಡೆರಿಸ್ ಸೋವಿಯತ್ ತಂಡದೊಂದಿಗೆ ವಿಶ್ವ ಚಾಂಪಿಯನ್ ಆದರು, 1980ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪಡೆದರು, ಮತ್ತು ಕಬ್ಬಿಣದ ಪರದೆ ಸರಿಯತೊಡಗಿದ 1989ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಕ್ಲಬ್‌ಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಅತಿ ಹಿರಿಯ ಆಟಗಾರರೆನಿಸಿದರು. 1988ರಲ್ಲಿ ದಿನಾಮೊ ಸೋವಿಯತ್ ಲೀಗ್‌ನಲ್ಲಿ ಎರಡನೆಯ ಸ್ಥಾನಕ್ಕೇರಿದಾಗ ಅದರ ಗೋಲಿನಲ್ಲಿದ್ದವರು ಅರ್ಟೂರ್ಸ್ ಇರ್ಬೆ. ಗಿಡ್ಡ ದೇಹದ, ಕ್ಷಿಪ್ರ ಚಲನೆಯ ಈ ಗೋಲ್‌ಕೀಪರ್ 1991ರ ಜನವರಿಯಲ್ಲಿ ಸೋವಿಯತ್ ಪಡೆಗಳ ವಿರುದ್ಧ ರೀಗಾದ ಜನ ತಡೆಗೋಡೆ ಕಟ್ಟಿ ಕಾವಲು ಕೂತಾಗ ಅವರ ಜೊತೆಗಿದ್ದರು. ಸೋವಿಯತ್ ರಾಷ್ಟ್ರೀಯ ತಂಡಕ್ಕೆ ಮತ್ತೆ ಆಡಲು ಒಪ್ಪಲಿಲ್ಲ.

ಸ್ವಾತಂತ್ರ್ಯ ಬಂದಾಗ ಅಂತರರಾಷ್ಟ್ರೀಯ ಒಕ್ಕೂಟ ಸೋವಿಯತ್ ತಂಡದ ಮೇಲಿನ ಸ್ಥಾನವನ್ನು ರಷ್ಯಾಕ್ಕೆ ಕೊಟ್ಟಿತು. ಅದೇ ತಂಡಕ್ಕೆ ಆಟಗಾರರನ್ನು ಒದಗಿಸಿದ್ದ ಲಾಟ್ವಿಯಾ, ಉಕ್ರೇನ್, ಕಜಾಕಸ್ತಾನಗಳು ತಳದಿಂದ ಆರಂಭಿಸಬೇಕಾಯಿತು. ಲಾಟ್ವಿಯಾ 1993ರಲ್ಲಿ ಮೂರನೆಯ ಶ್ರೇಣಿಯ 'ಸಿ' ಗುಂಪನ್ನು ಗೆದ್ದಿತು. 'ಬಿ' ಗುಂಪಿನಲ್ಲಿ ಎರಡು ವರ್ಷ ಎರಡನೆಯ ಸ್ಥಾನದಲ್ಲೇ ತಡೆಹಿಡಿದಂತಾಗಿ 1996ರಲ್ಲಿ ಅದನ್ನೂ ಗೆದ್ದಿತು. 1997ರಲ್ಲಿ ಮೇಲ್ವರ್ಗದ ಮೊದಲ ಪಂದ್ಯಾವಳಿಯಲ್ಲೇ ಏಳನೆಯ ಸ್ಥಾನ ಪಡೆಯಿತು. ಈ ಏಳನೆಯ ಸ್ಥಾನವೇ ಮುಂದಿನ 26 ವರ್ಷ ಅದರ ಅತ್ಯುತ್ತಮ ಸಾಧನೆಯಾಗಿ ಉಳಿಯಿತು. ಸೋವಿಯತ್ ವ್ಯವಸ್ಥೆ ಬಿಟ್ಟುಹೋದ ಮಂಜಿನಂಕಣ, ತರಬೇತುದಾರರು ಮತ್ತು ಆಟಗಾರರ ಒಂದು ತಲೆಮಾರು ಇಲ್ಲದೆ ಇದು ಸಾಧ್ಯವಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅದೇ ವ್ಯವಸ್ಥೆ ಅರ್ಧ ಶತಮಾನ ಆ ದೇಶದ ಹೆಸರಿನಲ್ಲಿ ಒಂದು ತಂಡವಿರಲು ಬಿಡಲಿಲ್ಲ ಎಂಬುದೂ ಅಷ್ಟೇ ನಿಜ. 2000ದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ತವರಿನ ಪ್ರೇಕ್ಷಕರೆದುರು ಎನ್‌ಎಚ್‌ಎಲ್ ತಾರೆಯರನ್ನು ಕಲೆಹಾಕಿ ಆಡಿದ ರಷ್ಯಾವನ್ನು ಲಾಟ್ವಿಯಾ 3-2ರಿಂದ ಸೋಲಿಸಿತು. ರಷ್ಯಾ ಆ ಕೂಟದಲ್ಲಿ 11ನೆಯ ಸ್ಥಾನಕ್ಕೆ ಕುಸಿಯಿತು. ಅಂದು ರೀಗಾದ ಜನ ಸ್ವಾತಂತ್ರ್ಯ ಸ್ಮಾರಕದ ಸುತ್ತ ನೆರೆದದ್ದಕ್ಕೆ ಕಾರಣ ಕೇವಲ ಹಾಕಿಯಾಗಿರಲಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಯಮಗಳ ಕಡೆ ಬರೋಣ. ಮೇ ತಿಂಗಳ ವಿಶ್ವ ಚಾಂಪಿಯನ್‌ಶಿಪ್ ನಡೆಯುವಾಗಲೇ ಉತ್ತರ ಅಮೆರಿಕದ ಎನ್‌ಎಚ್‌ಎಲ್‌ನಲ್ಲಿ ಸ್ಟಾನ್ಲಿ ಕಪ್‌ಗಾಗಿ ನಾಕೌಟ್ ಸುತ್ತುಗಳು ನಡೆಯುತ್ತಿರುತ್ತವೆ. ಯಾವ ಕ್ಲಬ್‌ಗಳು ಇನ್ನೂ ಆಟದಲ್ಲಿವೆಯೋ ಅವುಗಳ ಆಟಗಾರರು ರಾಷ್ಟ್ರೀಯ ತಂಡಕ್ಕೆ ಸಿಗುವುದಿಲ್ಲ. ಉಳಿದವರಲ್ಲೂ ಗಾಯ, ಆಯಾಸಗಳ ಕಾರಣದಿಂದ ಹಲವರು ಬರುವುದಿಲ್ಲ. ಇದರ ಪೆಟ್ಟು ಹೆಚ್ಚಾಗಿ ಬೀಳುವುದು ದೊಡ್ಡ ತಂಡಗಳಿಗೆ. ಸಣ್ಣ ತಂಡಗಳ ಬಹುಪಾಲು ಆಟಗಾರರು ಯುರೋಪಿನ ಲೀಗ್‌ಗಳಲ್ಲಿರುವುದರಿಂದ ಮೇ ಹೊತ್ತಿಗೆ ಬಿಡುವಾಗಿರುತ್ತಾರೆ, ವಾರಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. ಆದರೂ ಪೆಟ್ಟು ಎರಡೂ ಕಡೆಗಿದೆ: ಕೆನಡಾ ಹತ್ತು ಮಂದಿಯನ್ನು ಕಳೆದುಕೊಂಡರೆ ಇನ್ನೂ ಐವತ್ತು ಮಂದಿ ಸಾಲಿನಲ್ಲಿರುತ್ತಾರೆ, ಲಾಟ್ವಿಯಾ ಒಬ್ಬನನ್ನು ಕಳೆದುಕೊಂಡರೆ ಆ ಜಾಗ ಬರಿದಾಗಿಯೇ ಉಳಿಯುತ್ತದೆ. 2023ರ ಕಂಚಿನ ತಂಡದಲ್ಲಿ ಎನ್‌ಎಚ್‌ಎಲ್‌ನಲ್ಲಿ ಆಡುವ ಲಾಟ್ವಿಯನ್ ಟೆಡಿ ಬ್ಲೂಗೆರ್ಸ್ ಇರಲಿಲ್ಲ. ಅವರ ಕ್ಲಬ್ ಲಾಸ್ ವೇಗಸ್ ಆಗ ಸ್ಟಾನ್ಲಿ ಕಪ್‌ನ ದಾರಿಯಲ್ಲಿತ್ತು, ಜೂನ್‌ನಲ್ಲಿ ಅದನ್ನು ಗೆದ್ದೂ ಬಿಟ್ಟಿತು.

ಗುಂಪಿನ ಹಂತದ ಲೆಕ್ಕಾಚಾರವೂ ಗಮನಾರ್ಹ. 16 ತಂಡಗಳನ್ನು ಎಂಟೆಂಟರ ಎರಡು ಗುಂಪುಗಳಾಗಿ ಮಾಡುತ್ತಾರೆ. ಪ್ರತಿ ತಂಡ ಹನ್ನೊಂದು ಹನ್ನೆರಡು ದಿನಗಳಲ್ಲಿ ಏಳು ಪಂದ್ಯ ಆಡುತ್ತದೆ. ಮೊದಲ ನಾಲ್ಕು ಸ್ಥಾನದವರು ಕ್ವಾರ್ಟರ್‌ಫೈನಲ್‌ಗೆ ಹೋಗುತ್ತಾರೆ, ಎಂಟನೆಯವರು ಕೆಳಗಿಳಿಯುತ್ತಾರೆ. ನಿಗದಿತ ಸಮಯದೊಳಗಿನ ಗೆಲುವಿಗೆ ಮೂರು ಅಂಕ. ಹೆಚ್ಚುವರಿ ಸಮಯದಲ್ಲಿ ಗೆದ್ದರೆ ಎರಡು, ಸೋತರೂ ಒಂದು. ಆದ್ದರಿಂದ ಲಾಟ್ವಿಯಾದ ನಿಜವಾದ ಪರೀಕ್ಷೆ ಕೆನಡಾ ವಿರುದ್ಧದ್ದಾಗಿರದೆ ನಾರ್ವೆ, ಕಜಾಕಸ್ತಾನ, ಸ್ಲೊವೇನಿಯಾದಂಥ ಸಮಬಲರ ವಿರುದ್ಧ ಇರುತ್ತದೆ. ಆ ಒಂದೆರಡು ಪಂದ್ಯ ಗೆದ್ದು, ದೊಡ್ಡವರಿಂದ ಒಂದೆರಡು ಅಂಕ ಕಿತ್ತುಕೊಂಡರೆ ವರ್ಷ ಕಳೆಯಿತು. 2015 ಮತ್ತು 2016ರಲ್ಲಿ ಲಾಟ್ವಿಯಾ 13ನೆಯ ಸ್ಥಾನದಲ್ಲಿ ಹೀಗೆಯೇ ಉಸಿರು ಹಿಡಿದು ಉಳಿಯಿತು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಹೆಚ್ಚುಕಡಿಮೆ ಅಷ್ಟೇ ಜನಸಂಖ್ಯೆಯ ಸ್ಲೊವೇನಿಯಾ: 2014ರ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್‌ಫೈನಲ್ ತಲಪಿ, 2018ರಲ್ಲಿ ಅಮೆರಿಕವನ್ನೇ ಸೋಲಿಸಿದ ಆ ತಂಡ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಾತ್ರ 2013, 2015, 2017, 2023ರಲ್ಲಿ ಮೇಲ್ವರ್ಗದಿಂದ ಜಾರಿತು. ಎರಡು ದೇಶಗಳ ಗೆಲುವಿನ ಪಟ್ಟಿಯಲ್ಲಿ ವ್ಯತ್ಯಾಸ ಹೆಚ್ಚಿಲ್ಲ. ಮೂರನೆಯ, ನಾಲ್ಕನೆಯ ಲೈನ್‌ಗಳಲ್ಲಿದೆ.

2021ರಲ್ಲಿ ಒಂದು ಗೆಲುವಿನ ಬೆಲೆಯೇನು ಎಂಬುದು ಇನ್ನೂ ವಿಚಿತ್ರವಾಗಿ ಕಂಡಿತು. ರೀಗಾದಲ್ಲಿ ನಡೆದ ಆ ಕೂಟದ ಮೊದಲ ಪಂದ್ಯದಲ್ಲೇ ಮಾತೀಸ್ ಕಿವ್ಲೆನಿಯೆಕ್ಸ್ ಎಂಬ ಗೋಲ್‌ಕೀಪರ್ ಒಂದು ಗೋಲನ್ನೂ ಬಿಡದೆ, ಲಾಟ್ವಿಯಾ ಕೆನಡಾವನ್ನು ಚರಿತ್ರೆಯಲ್ಲೇ ಮೊದಲ ಬಾರಿಗೆ 2-0ಯಿಂದ ಸೋಲಿಸಿತು. ಕೊನೆಯಲ್ಲಿ ಕೆನಡಾ ಚಿನ್ನ ಗೆದ್ದಿತು, ಲಾಟ್ವಿಯಾ 11ನೆಯ ಸ್ಥಾನ ಪಡೆಯಿತು. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ. ಜುಲೈ 4ರಂದು ಅಮೆರಿಕದಲ್ಲಿ ಪಟಾಕಿ ಅವಘಡದಲ್ಲಿ ಕಿವ್ಲೆನಿಯೆಕ್ಸ್ ತೀರಿಕೊಂಡರು. ಅವರಿಗೆ ಆಗ 24 ವರ್ಷ.

2023ರ ಕೂಟವನ್ನು ಫಿನ್ಲೆಂಡಿನ ಟಂಪೆರೆ ಮತ್ತು ರೀಗಾ ಹಂಚಿಕೊಂಡವು. ಲಾಟ್ವಿಯಾದ ಆರಂಭ ಹೀನಾಯವಾಗಿತ್ತು: ಕೆನಡಾ ವಿರುದ್ಧ 0-6, ಮರುದಿನ ಸ್ಲೊವಾಕಿಯಾ ವಿರುದ್ಧವೂ ಸೋಲು. ಅಲ್ಲಿಂದ ಹರಿಯಿಸ್ ವೀಟೊಲಿನ್ಶ್ ತರಬೇತಿಯ ತಂಡ ಗುಂಪಿನ ಉಳಿದ ಐದೂ ಪಂದ್ಯಗಳನ್ನು ಗೆದ್ದಿತು. ಈ ಗೆಲುವುಗಳಲ್ಲಿ ಒಂದು ಮಾದರಿಯಿದೆ. ಚೆಕ್ ತಂಡದ ವಿರುದ್ಧ 4-3, ಸ್ವಿಟ್ಜರ್ಲೆಂಡ್ ವಿರುದ್ಧ 4-3, ಕೊನೆಗೆ ಕಂಚಿನ ಪಂದ್ಯದಲ್ಲಿ ಅಮೆರಿಕದ ವಿರುದ್ಧ 4-3, ಮೂರೂ ಹೆಚ್ಚುವರಿ ಸಮಯದಲ್ಲಿ ಬಂದ ಗೆಲುವುಗಳು. ಹೆಚ್ಚುವರಿ ಸಮಯದಲ್ಲಿ ಮಂಜಿನ ಮೇಲೆ ಐವರ ಬದಲು ಮೂವರೇ ಇರುತ್ತಾರೆ, ಮೊದಲ ಗೋಲಿಗೇ ಪಂದ್ಯ ಮುಗಿಯುತ್ತದೆ. ನಾಲ್ಕು ಲೈನ್‌ಗಳ ಆಳ ಬೇಕಿಲ್ಲದ ಆ ಕೆಲವು ನಿಮಿಷಗಳಲ್ಲಿ ದೊಡ್ಡ ದೇಶದ ಅತಿ ದೊಡ್ಡ ಅನುಕೂಲ ಇಲ್ಲವಾಗುತ್ತದೆ. ನಾಲ್ಕೈದು ಒಳ್ಳೆಯ ಆಟಗಾರರೂ ಒಬ್ಬ ಸಮರ್ಥ ಗೋಲ್‌ಕೀಪರೂ ಇದ್ದರೆ ಸಾಕಾಗುತ್ತದೆ.

ಆ ಗೋಲ್‌ಕೀಪರ್ ಅಂದು 22 ವರ್ಷದ ಅರ್ಟುರ್ಸ್ ಶಿಲೋವ್ಸ್. ಎನ್‌ಎಚ್‌ಎಲ್‌ನ ವ್ಯಾಂಕೂವರ್ ಕ್ಲಬ್‌ಗೆ ಸೇರಿದ್ದರೂ ಆ ಋತುವಿನ ಬಹುಭಾಗವನ್ನು ಅದರ ಕೆಳದರ್ಜೆಯ ತಂಡದಲ್ಲಿ ಕಳೆದಿದ್ದವರು. ಕ್ವಾರ್ಟರ್‌ಫೈನಲ್‌ನಲ್ಲಿ ಸ್ವೀಡನ್ ಒಂದೇ ಗೋಲು ಗಳಿಸಿ 3-1ರಿಂದ ಸೋತಿತು. ಸೆಮಿಫೈನಲ್‌ನಲ್ಲಿ ಕೆನಡಾ ವಿರುದ್ಧ ಒಂದು ಹಂತದಲ್ಲಿ ಮುಂದಿದ್ದು 4-2ರಿಂದ ಸೋತ ಲಾಟ್ವಿಯಾ, ಮರುದಿನ ಮೇ 28ರಂದು ಅಮೆರಿಕವನ್ನು ಎದುರಿಸಿತು. ಕೊನೆಯ ನಿಮಿಷಗಳಲ್ಲಿ ರಕ್ಷಣಾ ಆಟಗಾರ ಕ್ರಿಸ್ಟಿಯಾನ್ಸ್ ರುಬೀನ್ಸ್ 3-3 ಸಮ ಮಾಡಿದರು, ಹೆಚ್ಚುವರಿ ಸಮಯದ ಎರಡನೆಯ ನಿಮಿಷದಲ್ಲಿ ಗೆಲುವಿನ ಗೋಲನ್ನೂ ಅವರೇ ಹೊಡೆದರು. ಶಿಲೋವ್ಸ್ ಇಡೀ ಕೂಟದ ಅತ್ಯಮೂಲ್ಯ ಆಟಗಾರ ಎಂಬ ಗೌರವ ಪಡೆದರು. ಲಾಟ್ವಿಯಾದ ಸಂಸತ್ತು ಅದೇ ರಾತ್ರಿ ತುರ್ತಾಗಿ ಸೇರಿ ಮರುದಿನ ಸೋಮವಾರವನ್ನು ಸಾರ್ವಜನಿಕ ರಜೆಯೆಂದು ಘೋಷಿಸಿತು. ಈ ಉತ್ಸಾಹ ಹೊಸತಲ್ಲ. 2015ರ ಎನ್‌ಎಚ್‌ಎಲ್ ಆಲ್-ಸ್ಟಾರ್ ಪಂದ್ಯಕ್ಕೆ ಅಭಿಮಾನಿಗಳ ಮತದಾನ ನಡೆದಾಗ ಜಗತ್ತಿನ ಎಲ್ಲ ತಾರೆಯರನ್ನೂ ಹಿಂದಿಕ್ಕಿ 15 ಲಕ್ಷಕ್ಕೂ ಹೆಚ್ಚು ಮತ ಪಡೆದು ಮೊದಲಿಗರಾದವರು ಬಫಲೋ ಕ್ಲಬ್‌ನ ಲಾಟ್ವಿಯನ್ ಜೆಮ್ಗುಸ್ ಗಿರ್ಗೆನ್ಸೊನ್ಸ್. ಮತಗಳ ಸಂಖ್ಯೆ ದೇಶದ ಜನಸಂಖ್ಯೆಗೆ ಅಷ್ಟು ಹತ್ತಿರವಿದ್ದುದು ಲಾಟ್ವಿಯನ್ನರಿಗೆ ಮುಜುಗರದ ಸಂಗತಿಯೇನೂ ಆಗಿರಲಿಲ್ಲ.

ಇಷ್ಟೆಲ್ಲ ಆದರೂ ಆಟಗಾರರು ಬೆಳೆಯುವುದೆಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ದೇಶದೊಳಗಿನ ಲೀಗ್ ದುರ್ಬಲವಾದದ್ದು. ಅದಕ್ಕೆ 2008ರಲ್ಲಿ ಒಂದು ಪರಿಹಾರ ಸಿಕ್ಕಿತ್ತು: ರಷ್ಯಾ ಕೇಂದ್ರಿತ ಕೆಎಚ್‌ಎಲ್ ಲೀಗ್‌ಗೆ ದಿನಾಮೊ ರೀಗಾ ಎಂಬ ಹಳೆಯ ಹೆಸರಿನಲ್ಲೇ ಹೊಸ ಕ್ಲಬ್ ಸೇರಿ, ರಾಷ್ಟ್ರೀಯ ತಂಡದ ಬಹುಪಾಲು ಆಟಗಾರರಿಗೆ ತವರಿನಲ್ಲೇ ಉನ್ನತ ಮಟ್ಟದ ಆಟ ಒದಗಿಸಿತು. ಇದರ ಇನ್ನೊಂದು ಮುಖವೆಂದರೆ ರಾಷ್ಟ್ರೀಯ ತಂಡದ ಭವಿಷ್ಯ ರಷ್ಯಾದ ಹಣ ಮತ್ತು ರಾಜಕೀಯಕ್ಕೆ ಕಟ್ಟುಬಿದ್ದದ್ದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋದಾಗ ಕ್ಲಬ್ ಆ ಲೀಗ್‌ನಿಂದ ಹೊರಬಂತು, ಬಳಿಕ ರಷ್ಯಾ ಮತ್ತು ಬೆಲಾರೂಸ್‌ನ ಕ್ಲಬ್‌ಗಳಲ್ಲಿ ಆಡುವವರಿಗೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿತು. ಇದರಿಂದ ತಂಡ ಕುಸಿಯುತ್ತದೆಂಬ ಭಯ ಸಹಜವಾಗಿತ್ತು. ಕಂಚು ಬಂದದ್ದು ಅದರ ಮರುವರ್ಷವೇ. ಈಗ ಹುಡುಗರು ಬೇಗನೇ ಹೊರಗೆ ಹೋಗುತ್ತಾರೆ: ಗೋಲ್‌ಕೀಪರ್ ಎಲ್ವಿಸ್ ಮೆರ್ಜ್ಲಿಕಿನ್ಸ್ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ, ಕಿವ್ಲೆನಿಯೆಕ್ಸ್ ಅಮೆರಿಕದ ಕಿರಿಯರ ಲೀಗ್‌ನಲ್ಲಿ, ಶಿಲೋವ್ಸ್ ಕೆನಡಾದ ಕಿರಿಯರ ಲೀಗ್‌ನಲ್ಲಿ ಪಳಗಿದವರು. ಸ್ವೀಡನ್, ಚೆಕ್ ಗಣರಾಜ್ಯ, ಜರ್ಮನಿ, ಅಮೆರಿಕದ ಕಾಲೇಜುಗಳು ಎಂದು ಹರಡಿ ಹೋದವರನ್ನು ವರ್ಷಕ್ಕೊಮ್ಮೆ ಒಟ್ಟುಗೂಡಿಸಿ ತಂಡ ಮಾಡುವುದು ತರಬೇತುದಾರರ ಕೆಲಸ. ಇದು ದುರ್ಬಲ ಬುನಾದಿಯೆಂದು ಹೇಳುವವರಿದ್ದಾರೆ. ನನಗಾದರೋ, ಒಂದೇ ಲೀಗ್‌ನ ಕೈಯಲ್ಲಿ ಇಡೀ ತಂಡವನ್ನಿಡುವುದಕ್ಕಿಂತ ಇದು ಕಡಿಮೆ ಅಪಾಯದ್ದೆನಿಸುತ್ತದೆ.

ಒಲಿಂಪಿಕ್ಸ್‌ನ ದಾರಿ ಇದಕ್ಕಿಂತ ಕಿರಿದು. ಅಲ್ಲಿ 12 ತಂಡಗಳಿಗಷ್ಟೇ ಜಾಗ; ನೇರ ಪ್ರವೇಶ ಆತಿಥೇಯರಿಗೆ ಮತ್ತು ವಿಶ್ವ ಶ್ರೇಯಾಂಕದ ಮೊದಲ ಎಂಟು ತಂಡಗಳಿಗೆ. ಶ್ರೇಯಾಂಕವನ್ನು ನಾಲ್ಕು ವರ್ಷಗಳ ಫಲಿತಾಂಶದಿಂದ ಲೆಕ್ಕ ಹಾಕುತ್ತಾರೆ, ಹಳೆಯ ವರ್ಷಗಳ ಅಂಕಗಳಿಗೆ ಕ್ರಮೇಣ ಕಡಿಮೆ ತೂಕ. ಒಂದು ಕಂಚಿನ ವರ್ಷದಿಂದ ಮಾತ್ರ ಮೊದಲ ಎಂಟರೊಳಗೆ ಹೋಗಲಾಗದು. ಆದ್ದರಿಂದ ಲಾಟ್ವಿಯಾ ಉಳಿದ ಮೂರು ಸ್ಥಾನಗಳಿಗಾಗಿ ನಡೆಯುವ ಅರ್ಹತಾ ಕೂಟದಲ್ಲಿ, ಮೂರೇ ದಿನಗಳ ಪಂದ್ಯಗಳಲ್ಲಿ, ನಾಲ್ಕು ವರ್ಷದ ಹಣೆಬರಹ ನಿರ್ಧರಿಸಿಕೊಳ್ಳಬೇಕಾಗುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ರೀಗಾದಲ್ಲೇ ಕೊನೆಯ ಪಂದ್ಯವನ್ನು ಜರ್ಮನಿಗೆ 3-2ರಿಂದ ಸೋತು ಅದು 2018ರ ಒಲಿಂಪಿಕ್ಸ್ ಕಳೆದುಕೊಂಡಿತು. ಆ ಜರ್ಮನಿ ಮುಂದೆ ಅಲ್ಲಿ ಬೆಳ್ಳಿ ಗೆದ್ದಿತು. 2021ರಲ್ಲಿ ಅದೇ ಊರಿನಲ್ಲಿ ಫ್ರಾನ್ಸ್ ತಂಡವನ್ನು ಸೋಲಿಸಿ ಬೀಜಿಂಗ್‌ಗೆ ಹೋಯಿತು. 2024ರ ಆಗಸ್ಟ್‌ನಲ್ಲಿ ಮತ್ತೆ ಅಲ್ಲಿಯೇ, ಮತ್ತೆ ಫ್ರಾನ್ಸ್ ವಿರುದ್ಧವೇ ಗೆದ್ದು 2026ರ ಮಿಲಾನ್-ಕೊರ್ಟಿನಾ ಒಲಿಂಪಿಕ್ಸ್‌ಗೆ ಜಾಗ ಮಾಡಿಕೊಂಡಿತು.